ಕದ್ರಿಯ ಅಂಕಿ, ಕಾವೂರಿನ ಹೊಗೆ

ಮಾನ್ಯರೇ,

ಮಂಗಳೂರಿನ ಕಾವೂರಿನಲ್ಲಿ ಖಾಲಿ ಜಾಗದ ಕಸದ ರಾಶಿಗೆ ಬೆಂಕಿ ಬಿದ್ದ ವರದಿಯೊಂದಿಗೆ, ‘ಸಣ್ಣ ಬೆಂಕಿ, ತಕ್ಷಣ ನಂದಿಸಲಾಗಿದೆ’ ಎಂಬ ಅಧಿಕಾರಿಗಳ ಹೇಳಿಕೆಯೂ ನಿನ್ನೆ ಪ್ರಕಟವಾಗಿದೆ. ಆ ಜಾಗದ ಪಕ್ಕದಲ್ಲೇ ನಮ್ಮ ಮನೆ. ಉರಿ ಆರಿದ್ದು ನಿಜ. ಆದರೆ ರಾಶಿಯೊಳಗೆ ಹೊಗೆಯಾಡುತ್ತಿದ್ದ ಪ್ಲಾಸ್ಟಿಕ್ಕಿನ ಕಮಟು ಬೆಳಗಿನ ಜಾವದವರೆಗೂ ಮನೆಯೊಳಗಿತ್ತು. ಈ ಸೆಕೆಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ, ದಮ್ಮಿನ ಕಾಯಿಲೆಯ ತಾಯಿಯನ್ನು ರಾತ್ರಿಯಿಡೀ ಕುರ್ಚಿಯಲ್ಲಿ ಕೂರಿಸಿ, ಇನ್‌ಹೇಲರ್ ಮುಗಿದಾಗ ನಡುರಾತ್ರಿ ಔಷಧಿ ಅಂಗಡಿ ಹುಡುಕಿಕೊಂಡು ಅಲೆದ ನನಗೆ ಅದು ಸಣ್ಣ ಬೆಂಕಿಯಲ್ಲ.

ಮರುದಿನ ರಜೆ ಹಾಕಿ ದೂರು ಕೊಡಲು ಹೋದೆ. ಕಸ ಮಾತ್ರ ತಮ್ಮದು, ಹೊಗೆ ತಮ್ಮದಲ್ಲ ಎಂದರು ಒಂದು ಕಚೇರಿಯವರು. ಕಾರ್ಖಾನೆಯ ಹೊಗೆಯಾದರೆ ನೋಟಿಸು ಕೊಡಬಹುದಿತ್ತು ಎಂದ ಇನ್ನೊಂದು ಕಚೇರಿಯವರು, ನಗರದ ಇನ್ನೊಂದು ಭಾಗವಾದ ಕದ್ರಿಯ ಗಾಳಿ ಮಾಪನ ಕೇಂದ್ರದ ಅಂಕಿ ತೋರಿಸಿ ನಗರದ ಗಾಳಿ ಚೆನ್ನಾಗಿಯೇ ಇದೆ ಎಂದು ಸಾಗಹಾಕಿದರು. ಕದ್ರಿಯ ಯಂತ್ರಕ್ಕೆ ಕಾವೂರಿನ ಹೊಗೆ ತಿಳಿಯುವುದು ಹೇಗೆ? ಗಾಳಿಯಲ್ಲಿ ತೇಲುವ ಪಿಎಂ 10 ಎಂಬ ಸೂಕ್ಷ್ಮ ಧೂಳಿನ ಕಣಗಳಿಗೆ ದೇಶದಲ್ಲಿ ನಿಗದಿಯಾಗಿರುವ ದಿನದ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಅದೂ 24 ಗಂಟೆಗಳ ಸರಾಸರಿ. ಯಂತ್ರ ನಮ್ಮ ಅಂಗಳದಲ್ಲೇ ಇದ್ದಿದ್ದರೂ, ರಾತ್ರಿ ನಾವು ನುಂಗಿದ ಹೊಗೆ ಹಗಲಿನ ಗಾಳಿಯೊಡನೆ ಬೆರೆತು ಲೆಕ್ಕದಲ್ಲಿ ತೆಳುವಾಗುತ್ತಿತ್ತು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಮಲಿನ ಗಾಳಿಯ ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ಇವೆ, ಮಂಗಳೂರು ಇಲ್ಲ. ಪಟ್ಟಿಯಲ್ಲಿಲ್ಲದ ಊರಿನಲ್ಲಿ ಹೊಗೆಯೇ ಏಳುವುದಿಲ್ಲವೆಂದು ಅಧಿಕಾರಿಗಳು ತಿಳಿದಂತಿದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರೀ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ವಸೂಲು ಮಾಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿದೆ. ನಮ್ಮ ಕೇರಿಯಲ್ಲಿ ಅಂಥ ಒಂದು ರಸೀದಿ ಹರಿದದ್ದನ್ನು ನಾನು ಕಂಡಿಲ್ಲ.

2019ರ ಆಗಸ್ಟಿನಲ್ಲಿ ನಮ್ಮ ನಗರದ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರದ ಅಡಿಕೆ ತೋಟಗಳ ಮೇಲೆ ಬಿತ್ತು. 2023ರ ಜನವರಿಯಲ್ಲಿ ಅಲ್ಲೇ ಬೆಂಕಿಯೂ ಹತ್ತಿತು. ಜೋಕಟ್ಟೆಯವರು ಪಕ್ಕದ ತೈಲ ಶುದ್ಧೀಕರಣ ಕಾರ್ಖಾನೆಯ ಕಪ್ಪು ಧೂಳಿನ ವಿರುದ್ಧ ವರ್ಷಗಟ್ಟಲೆ ಹೋರಾಡಬೇಕಾಯಿತು. ಇಷ್ಟಾದ ಮೇಲೂ ಹೊಗೆ ಯಾರ ವ್ಯಾಪ್ತಿಗೆ ಸೇರಿದ್ದೆಂದು ಚರ್ಚಿಸುತ್ತ ಕೂರಲು ಇವರಿಗೆ ನಾಚಿಕೆಯಾಗಬೇಕು.

ಬೆಂಕಿ ಇಟ್ಟವರಿಗೆ ದಂಡ ಹಾಕಲಿ, ಆ ಜಾಗದ ಕಸವನ್ನೂ ತೆಗೆಸಲಿ. ರಾತ್ರಿ ಹೊಗೆ ಎದ್ದಾಗ ಯಾರಿಗೆ ಫೋನು ಮಾಡಬೇಕು, ಯಾರು ಬರುತ್ತಾರೆ ಎಂಬುದನ್ನು ಇದೇ ಪತ್ರಿಕೆಯ ಮೂಲಕ ತಿಳಿಸಲಿ. ಅಧಿಕಾರಿಗಳು ಇನ್ನಾದರೂ ಎಚ್ಚೆತ್ತುಕೊಳ್ಳಲಿ.

— ನೊಂದ ನಿವಾಸಿ, ಕಾವೂರು, ಮಂಗಳೂರು