ಫೋಟೋ ಥರಾನೇ ಇದೆ ಅಂದವ್ರಿಗೂ, ಇಲ್ಲ ಅಂದವ್ರಿಗೂ ಥ್ಯಾಂಕ್ಸ್

ನನ್ನ ಪೇಂಟಿಂಗ್ ಎಕ್ಸಿಬಿಷನ್ ಮುಗಿದು 10 ದಿನ ಆಯ್ತು. ಗೋಡೆಯಿಂದ ಇಳಿಸಿದ ಪೇಂಟಿಂಗ್‌ಗಳು ಇನ್ನೂ ಬಬಲ್ ರ‍್ಯಾಪ್ ಸುತ್ಕೊಂಡು ರೂಮಲ್ಲಿ ಒಂದಕ್ಕೊಂದು ಒರಗಿ ನಿಂತಿವೆ, ಬಿಚ್ಚೋಕೆ ಮನಸ್ಸಿಲ್ಲ. ಬಂದವ್ರಿಗೆಲ್ಲ ಒಬ್ಬೊಬ್ರಿಗೇ ಮೆಸೇಜ್ ಮಾಡೋಣ ಅಂತ ಕೂತೆ, ಏಳನೇ ಮೆಸೇಜಿಗೆ ಹೆಬ್ಬೆರಳು ಎಳೆಯೋಕೆ ಶುರುವಾಯ್ತು, ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲೇ ಬರೀತಿದೀನಿ. ಅದೂ ಅರ್ಧಕ್ಕರ್ಧ ಬಾಯಲ್ಲಿ ಹೇಳಿ ಫೋನ್ ಕೈಲಿ ಟೈಪ್ ಮಾಡಿಸಿದ್ದು, ತಪ್ಪು ಕಂಡ್ರೆ ಅದರ ತಲೆಗೇ ಕಟ್ಟಿ.

18 ವರ್ಷದ ಕೆಲಸ, 23 ಚಿತ್ರ. ಬಾಗಿಲ ಪಕ್ಕದ ಗೋಡೇಲಿ ಇದ್ದಿದ್ದು ಪೆನ್ಸಿಲ್ ಕಾಲದವು. ಆಗ ನಂಗಿದ್ದಿದ್ದು ಒಂದೇ ಹುಚ್ಚು, ನೋಡಿದವ್ರು "ಅಯ್ಯೋ ಇದು ಫೋಟೋ ಅಲ್ವಾ" ಅನ್ಬೇಕು. ಫೋಟೋ ಮೇಲೆ ಗ್ರಿಡ್ ಎಳೆದು, ಪೇಪರ್ ಮೇಲೂ ಅದೇ ಲೆಕ್ಕದಲ್ಲಿ ದೊಡ್ಡದಾಗಿ ಎಳೆದು, ಇದು ಯಾರದೋ ಮುಖ ಅನ್ನೋದನ್ನೇ ಮರೆತು ಚೌಕ ಚೌಕ ತುಂಬಿಸ್ತಾ ಹೋಗೋದು. ಪೆನ್ಸಿಲ್ ಕಡ್ಡಿಯ ಗ್ರ್ಯಾಫೈಟ್‌ಗೆ ಒಂದು ರೋಗ ಇದೆ, 8ಬಿ ಅನ್ನೋ ಮೆತ್ತನೆ ಕಪ್ಪು ಪೆನ್ಸಿಲ್ ತಗೊಂಡು ಎಷ್ಟು ತೀಡಿದ್ರೂ ಪೂರ್ತಿ ಕಪ್ಪಾಗಲ್ಲ, ಪಳಪಳ ಹೊಳೀತಾ ಬೂದು ಬಣ್ಣಕ್ಕೇ ನಿಂತುಬಿಡುತ್ತೆ, ಸೈಡಿಂದ ನೋಡಿದ್ರೆ ಕಣ್ಣುಗುಡ್ಡೆ ಸ್ಟೀಲಿನ ಹಾಗೆ ಮಿನುಗುತ್ತೆ. ಇದ್ದಿಲು, ಕಾರ್ಬನ್ ಪೆನ್ಸಿಲ್ ಬೆರೆಸೋದು ಕಲಿಯೋಕೇ ನಂಗೆ ಎರಡು ವರ್ಷ ಬೇಕಾಯ್ತು.

ಅದನ್ನ ಕಲಿಸಿದ್ದು ಡ್ರಾಯಿಂಗ್ ಮೇಷ್ಟ್ರು. ಹೆಸರು ಹಾಕಿದ್ರೆ ಬೈತಾರೆ, ಹಾಕಲ್ಲ. ಮೇಷ್ಟ್ರೇ, ಮೊದಲ ಥ್ಯಾಂಕ್ಸ್ ನಿಮ್ಗೆ. ನಾನು ಫೋಟೋದಲ್ಲಿ ಕತ್ತಿನ ನೆರಳು ಕಪ್ಪಗಿದೆ ಅಂತ ಕಪ್ಪನ್ನೇ ಬಳಿದಾಗ ನೀವು ಪೆನ್ಸಿಲ್ ಕಿತ್ಕೊಂಡು, "ಕ್ಯಾಮೆರಾಗೆ ಕಾಣ್ಲಿಲ್ಲ ಅಂತ ನಿಂಗೂ ಕಾಣಲ್ವಾ" ಅಂತ ಗದರಿ ಕಿಟಕಿ ಹತ್ರ ಕೂರಿಸಿ ನಿಮ್ಮದೇ ಕತ್ತನ್ನ ನೋಡು ಅಂದ್ರಲ್ಲ. ನೆರಳೊಳಗೆ ಕೆಂಪು ಇತ್ತು. ಬೆಳಕು ಚರ್ಮದ ಒಳಗೆ ನುಗ್ಗಿ ರಕ್ತದ ಬಣ್ಣ ಹೊತ್ಕೊಂಡು ವಾಪಸ್ ಬರುತ್ತೆ, ಅದಕ್ಕೇ ಬೆಳಕು ಮುಗಿದು ನೆರಳು ಶುರುವಾಗೋ ಅಂಚು ಬೆಚ್ಚಗೆ ಕೆಂಪಗೆ ಇರುತ್ತೆ, ಕಿವಿಯ ಅಂಚಂತೂ ಹಿಂದಿನಿಂದ ಬೆಳಕು ಬಿದ್ರೆ ಉರಿಯೋ ಕೆಂಡ. ನೀರಿನ ಹನೀದೂ ಅದೇ ಕಥೆ, ಹೊಳಪಿನ ಚುಕ್ಕೆ ಬೆಳಕು ಬರೋ ಕಡೆ ಇದ್ರೆ ಹನಿಯ ಒಳಗಿನ ಬೆಳಕು ಎದುರು ಕಡೆ ಇರುತ್ತೆ, ಹನಿಯ ನೆರಳಿನ ಮಧ್ಯದಲ್ಲೂ ಒಂದು ಬೆಳಕಿನ ಮಚ್ಚೆ ಇರುತ್ತೆ. ಇಷ್ಟು ಗೊತ್ತಿಲ್ದೆ ಎಷ್ಟೇ ನಾಜೂಕಾಗಿ ಬಿಡಿಸಿದ್ರೂ ಅದು ಹನಿ ಅಲ್ಲ, ಗುಂಡಿ ಥರ ಕಾಣುತ್ತೆ. ನಂಗೆ ನಾಲ್ಕು ವರ್ಷ ಗುಂಡಿ ಥರಾನೇ ಕಂಡಿತ್ತು.

ಆಮೇಲೆ ಆಯಿಲ್ ಪೇಂಟ್. ಅಲ್ಯೂಮಿನಿಯಂ ಶೀಟು, ಅದಕ್ಕೆ ಏಳೆಂಟು ಕೋಟ್ ಪ್ರೈಮರ್, ಪ್ರತಿ ಕೋಟಿಗೂ ಸ್ಯಾಂಡ್‌ಪೇಪರ್ ಉಜ್ಜಿ ಗಾಜಿನ ಹಾಗೆ ನುಣುಪು, ಯಾಕಂದ್ರೆ ಕ್ಯಾನ್ವಾಸಿನ ನೇಯ್ಗೆ ಕಂಡ್ರೂ ನಂಗೆ ಸಹಿಸ್ತಿರ್ಲಿಲ್ಲ. ಮೂರು ಸೊನ್ನೆ ನಂಬರಿನ ತೀರಾ ಸಣ್ಣ ಬ್ರಷ್ಷು. ತೆಳುವಾಗಿ ಗ್ಲೇಜ್ ಮೇಲೆ ಗ್ಲೇಜ್, ಅಂದ್ರೆ ಕೆಳಗಿನದು ಕಾಣೋ ಅಂಥ ಬಣ್ಣದ ಪದರ. ಒಂದು ಮುಖಕ್ಕೆ ನಾಲ್ಕು ತಿಂಗಳು, ಬ್ರಷ್ ಗುರುತು ಎಲ್ಲಾದ್ರೂ ಕಂಡ್ರೆ ಸೋತೆ ಅಂತ ಲೆಕ್ಕ. ನಾನು ಅಲ್ಲಿ ಇದ್ದೇ ಇಲ್ಲ ಅನ್ನಿಸೋದೇ ನನ್ನ ಸ್ಟೈಲ್ ಆಗಿತ್ತು, ಅದಕ್ಕೆ ಚಪ್ಪಾಳೆನೂ ಸಿಕ್ತಿತ್ತು, ಹಾಗಾಗಿ ಇನ್ನೂ ಇನ್ನೂ ಮಾಯ ಆಗ್ತಾ ಹೋದೆ.

ಮೂರು ವರ್ಷದ ಹಿಂದೆ ಕೈ ಕೊಡ್ತು. ನಿಜವಾಗ್ಲೂ ಕೈಯೇ ಕೊಡ್ತು. ಹೆಬ್ಬೆರಳನ್ನ ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನ ಕಿರುಬೆರಳ ಕಡೆ ಬಗ್ಗಿಸಿ ಅಂದ್ರು ಡಾಕ್ಟ್ರು, ಬಗ್ಗಿಸಿದೆ, ಕಣ್ಣಲ್ಲಿ ನೀರು ಬಂತು. ಡಿ ಕ್ವೆರ್ವೇನ್ ಅಂತ ಹೆಸರಂತೆ, ಹೆಬ್ಬೆರಳಿನ ಸ್ನಾಯುರಜ್ಜುಗಳು ಹಾದುಹೋಗೋ ಕೊಳವೆ ದಪ್ಪಗಾಗಿ ಒಳಗಿನ ರಜ್ಜು ಉಜ್ಜಿ ಉಜ್ಜಿ ನೋಯೋದು. ಸಣ್ಣ ಬ್ರಷ್ಷನ್ನ ಬೆರಳ ತುದೀಲಿ ಗಂಟೆಗಟ್ಟಲೆ ಬಿಗಿಯಾಗಿ ಹಿಡಿಯೋರಿಗೆ ಬರದೆ ಇನ್ಯಾರಿಗೆ ಬರ್ಬೇಕು. ಸ್ಪ್ಲಿಂಟು, ಇಂಜೆಕ್ಷನ್ನು, ಕೊನೆಗೆ ಸಣ್ಣ ಆಪರೇಷನ್ನು, ಎಲ್ಲಾ ಸೇರಿ 11 ತಿಂಗಳು ಬ್ರಷ್ ಮುಟ್ಲಿಲ್ಲ.

ಆ 11 ತಿಂಗಳಲ್ಲಿ ಯಾರು ಏನು ಮಾಡಿದ್ರು ಅಂತ ಬರೆದ್ರೆ ಅದೇ ಒಂದು ಪುರಾಣ ಆಗುತ್ತೆ. ಫಿಸಿಯೋ ಮೇಡಂ, ನೀವು ಮಾಡಿಸಿದ ಎಕ್ಸರ್‌ಸೈಜ್ ಅರ್ಧ ಮನೇಲಿ ಮಾಡ್ಲಿಲ್ಲ, ಮಾಡ್ದೆ ಅಂತ ಸುಳ್ಳು ಹೇಳ್ತಿದ್ದೆ, ನಿಮ್ಗೆ ಗೊತ್ತಾಗ್ತಿತ್ತು ಅಂತಾನೂ ಗೊತ್ತು. ಅಕ್ಕ, ನೀನು ಶರ್ಟ್ ಗುಂಡಿ ಹಾಕಿಕೊಟ್ಟಿದ್ದನ್ನ ಎಲ್ಲರ ಮುಂದೆ ಹೇಳ್ಬೇಡ ಅಂದಿದ್ದೆ, ಈಗ ನಾನೇ ಹೇಳ್ತಿದೀನಿ. ಪೋರ್ಟ್ರೇಟ್‌ಗೆ ಅಡ್ವಾನ್ಸ್ ಕೊಟ್ಟು ವರ್ಷ ಕಾದವ್ರು ಮೂರು ಜನ, ಒಬ್ಬರೂ ದುಡ್ಡು ವಾಪಸ್ ಕೇಳ್ಲಿಲ್ಲ, ಅದರಲ್ಲಿ ಒಬ್ರು ತಿಂಗಳಿಗೊಮ್ಮೆ ಫೋನ್ ಮಾಡಿ ಚಿತ್ರದ ಸುದ್ದಿನೇ ಎತ್ತದೆ ಕ್ರಿಕೆಟ್ ಮಾತಾಡಿ ಇಡ್ತಿದ್ರು.

ಓದೋಕೆ ಪುರುಸೊತ್ತು ಸಿಕ್ಕಿದ್ದೂ ಆಗ್ಲೇ. ಫ್ರೆಂಡ್ ಒಬ್ಳು ತನ್ನ ಹತ್ರ ಇದ್ದ ಆರ್ಟ್ ಕ್ಯಾಟಲಾಗ್‌ಗಳನ್ನೆಲ್ಲ ತಂದು ಮಂಚದ ಮೇಲೆ ಸುರಿದ್ಳು. ಅಲ್ಲೀವರೆಗೂ ಫೋಟೋ ನೋಡಿ ದೊಡ್ಡ ದೊಡ್ಡ ಮುಖ ಬಿಡಿಸ್ತಿದ್ದ ಅಮೆರಿಕದ ಪೇಂಟರ್ ಚಕ್ ಕ್ಲೋಸ್ ಅಂದ್ರೆ ನಂಗೆ ಒಂದೇ ಚಿತ್ರ, 1967-68ರ ಬಿಗ್ ಸೆಲ್ಫ್ ಪೋರ್ಟ್ರೇಟ್, ಸುಮಾರು 9 ಅಡಿ ಎತ್ತರ, ಬಾಯಲ್ಲಿ ಸಿಗರೇಟು, ಕೆದರಿದ ಕೂದಲು, ಬರೀ ಕಪ್ಪು ಬಿಳುಪು. ಕ್ಯಾಮೆರಾದ ಫೋಕಸ್ ತಪ್ಪಿದ ಮಬ್ಬನ್ನೂ ಬಿಡದೆ ಬಿಡಿಸಿದ್ದಾನೆ. ಅದರ ಮುಂದಿನದನ್ನ ನೋಡೇ ಇರ್ಲಿಲ್ಲ. 1970ರ ಹೊತ್ತಿಗೆ ಪ್ರಿಂಟಿಂಗ್ ಪ್ರೆಸ್ ಥರ ನೀಲಿ, ಮಜೆಂಟಾ, ಹಳದಿ ಅಂತ ಒಂದರ ಮೇಲೊಂದು ಪದರ ಹಾಕಿ ಮುಖದ ಬಣ್ಣ ತಂದವ್ನು, 1985ಕ್ಕೆ ಬಂದ್ರೆ ಹೆಂಡತಿಯ ಅಜ್ಜಿಯ ಮುಖವನ್ನ ಬರೀ ಬೆರಳಚ್ಚಲ್ಲಿ ಒತ್ತಿ ಒತ್ತಿ ಮಾಡಿದ್ದಾನೆ! ಫ್ಯಾನಿ ಅಂತ ಆ ಅಜ್ಜಿ ಹೆಸರು. ನಾನು ಹೆಬ್ಬೆರಳಿಗೆ ಪಟ್ಟಿ ಕಟ್ಕೊಂಡು ಬೆರಳಲ್ಲೇ ಮಾಡಿದ ಆ ಸುಕ್ಕುಗಳನ್ನ ನೋಡ್ತಾ ಕೂತಿದ್ದೆ, ನಗು ಬರ್ಬೇಕೋ ಅಳು ಬರ್ಬೇಕೋ ತಿಳೀಲಿಲ್ಲ.

ಅವನ ಬಗ್ಗೆ ಎಲ್ರೂ ಹೇಳೋ ಕಥೆ ಒಂದಿದೆ. 1988ರ ಡಿಸೆಂಬರ್‌ನಲ್ಲಿ ಬೆನ್ನುಹುರಿಯ ರಕ್ತನಾಳ ಕೈಕೊಟ್ಟು ಪಾರ್ಶ್ವವಾಯು ಆಯ್ತು, ಕೈಗೆ ಬ್ರಷ್ ಕಟ್ಕೊಂಡು ಮತ್ತೆ ಪೇಂಟ್ ಮಾಡಿದ, ಅದಕ್ಕೇ ಚೌಕಗಳೊಳಗೆ ಬಣ್ಣದ ಉಂಡೆ, ಬಳೆ ತುಂಬಿರೋ ಹೊಸ ಸ್ಟೈಲ್ ಬಂತು ಅಂತ. ನಾನೂ ಅದನ್ನೇ ನಂಬ್ಕೊಂಡು, ಕೈ ನೋವಿನಿಂದ ಬ್ರಷ್ ದೊಡ್ಡದು ಮಾಡ್ಕೊಳ್ಳೋಣ ಅಂತಿದ್ದ ನಂಗೂ ಅವ್ನಿಗೂ ಏನೋ ಸಂಬಂಧ ಇದೆ ಅಂತ ಒಳಗೊಳಗೇ ಬೀಗ್ತಿದ್ದೆ. ಆ ಫ್ರೆಂಡೇ ಕ್ಯಾಟಲಾಗ್ ತಿರುವಿ ತಾರೀಖು ತೋರಿಸಿದ್ಳು. ಲೂಕಸ್ ಅನ್ನೋ ಚಿತ್ರ, ಚೌಕದೊಳಗೆ ಬಣ್ಣದ ಚುಕ್ಕೆ ಗೆರೆಗಳು ಕಣ್ಣಿಗೆ ರಾಚೋ ಹಾಗೆ ಬಿಡಿಬಿಡಿಯಾಗಿವೆ, ಅದು 1986-87ರದು. ಕಾಯಿಲೆಗೂ ಮುಂಚೆ! ಕಾಯಿಲೆ ಕೈಯನ್ನ ಬದಲಾಯಿಸಿರ್ಬಹುದು, ಕಣ್ಣು ಆಗ್ಲೇ ಬದಲಾಗಿತ್ತು.

ಅಷ್ಟಕ್ಕೇ ಬಿಟ್ಟಿದ್ರೆ ಪರವಾಗಿರ್ಲಿಲ್ಲ. ಎದ್ದು ಹೋಗಿ ನೋವು ಶುರುವಾಗೋ ಮುಂಚಿನ ನನ್ನ ಎರಡು ಪೇಂಟಿಂಗ್ ಎತ್ಕೊಂಡು ಬಂದು, "ಈ ಕಿವಿ ನೋಡು, ಈ ಭುಜ ನೋಡು, ನೀನು ಆಗ್ಲೇ ಬಿಟ್ಟುಬಿಟ್ಟಿದ್ದೆ" ಅಂದ್ಳು. ನೋಡಿದೆ. ಭುಜ ಮೂರೇ ಮೂರು ಹೊಡೆತದಲ್ಲಿ ಮುಗಿದಿತ್ತು, ಬ್ರಷ್ ಎಳೆದ ಗೆರೆ ಹಾಗೇ ಇತ್ತು. ಟೈಮ್ ಸಾಲ್ದೆ ಹಾಗೆ ಬಿಟ್ಟೆ ಅಂತ ಅಂದ್ಕೊಂಡಿದ್ದೆ. ಸಾಕಾಗಿತ್ತು ಕಣ್ರೀ, ಮಾಯ ಆಗಿ ಆಗಿ ಸಾಕಾಗಿತ್ತು, ಅದನ್ನ ಹೇಳ್ಕೊಳ್ಳೋಕೆ ನಂಗೆ ಒಂದು ಕೈನೋವಿನ ನೆಪ ಬೇಕಿತ್ತು ಅಷ್ಟೇ. ಅವತ್ತು ನಾನು ಅವ್ಳ ಮೇಲೆ ರೇಗಿದ್ದೆ, ಎರಡು ವಾರ ಮಾತಾಡಿರ್ಲಿಲ್ಲ. ಸಾರಿ ಮತ್ತು ಥ್ಯಾಂಕ್ಸ್, ಎರಡೂ ಈ ಸಾಲಲ್ಲೇ ತಗೋ.

ಒಳಗಿನ ಗೋಡೇಲಿ ಇದ್ದ ಎಂಟು ಚಿತ್ರ ಅದಾದ ಮೇಲಿನವು. ಬ್ರಷ್ಷಿನ ಹಿಡಿಗೆ ಫೋಮ್ ಸುತ್ತಿ ದಪ್ಪ ಮಾಡಿ, ಮಣಿಕಟ್ಟು ಆಡಿಸದೆ ಭುಜದಿಂದ ಎಳೆದಿದ್ದು. ಫೋಟೋ ಇಲ್ಲ, ಎದುರಿಗೆ ಮನುಷ್ಯನನ್ನೇ ಕೂರಿಸ್ಕೊಂಡಿದ್ದು. ಕಣ್ಣು ಮತ್ತು ತುಟಿಯ ಅಂಚು ಮಾತ್ರ ಹಳೇ ಹಠದಲ್ಲೇ ಇವೆ, ರೆಪ್ಪೆ ಬುಡದ ತೇವ ಕೂಡ ಬಿಟ್ಟಿಲ್ಲ, ಉಳಿದಿದ್ದೆಲ್ಲ ಹತ್ರ ಹೋದ್ರೆ ಬರೀ ಬಣ್ಣದ ಪಟ್ಟೆ. ಒಂದು ಗ್ಯಾಲರಿ ಇದನ್ನ ನೋಡಿ "ಮೊದಲಿನ ಫಿನಿಷಿಂಗ್ ಇಲ್ಲ" ಅಂತ ಒಪ್ಕೊಂಡಿದ್ದ ಶೋ ವಾಪಸ್ ತಗೊಂಡ್ತು, ಹೆಸರು ಬೇಡ. ಹಾಗಾಗಿ ಈ ಶೋಗೆ ಜಾಗ ಹುಡುಕಿದವ್ರು, ಲೈಟ್ ಹಾಕಿದವ್ರು, ಮೊಳೆ ಹೊಡೆದವ್ರು, ಮೊಳೆ ತಪ್ಪಿ ಬೆರಳಿಗೆ ಹೊಡ್ಕೊಂಡವ್ರು, ಎಲ್ಲಾ ಸ್ನೇಹಿತರೇ. ನಿಮ್ಮ ಋಣ ದೊಡ್ಡದು, ಬೆರಳಿನ ನೋವು ಹೇಗಿರುತ್ತೆ ಅಂತ ನಂಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ವಿಸಿಟರ್ಸ್ ಬುಕ್ಕಲ್ಲಿ "ಮೊದಲಿನವೇ ಚೆನ್ನಾಗಿತ್ತು, ಫೋಟೋ ಥರ ಇತ್ತು" ಅಂತ ಬರೆದವ್ರು ಆರು ಜನ. ನಿಮ್ಗೂ ಥ್ಯಾಂಕ್ಸ್, ವ್ಯಂಗ್ಯ ಅಲ್ಲ. 15 ವರ್ಷ ನೀವು ಹಾಗೆ ಅಂದಿದ್ದಕ್ಕೇ ನಾನು ಅಷ್ಟು ನೋಡೋದು ಕಲಿತಿದ್ದು. ರೆಪ್ಪೆಗೂದಲು ಎಣಿಸದೆ ಅದನ್ನ ಕೈಬಿಡೋದು ಹೇಗೆ ಬರುತ್ತೆ.

ಮೇಷ್ಟ್ರೇ, ನಿಮ್ಮ ಪೋರ್ಟ್ರೇಟ್ ಈಸೆಲ್ ಮೇಲೇ ಇದೆ. ಶೋಗೆ ಮುಗಿಸೋಕಾಗ್ಲಿಲ್ಲ, ಎಡಗಿವಿ ಬಾಕಿ, ಹಿಂದಿನಿಂದ ಬೆಳಕು ಬೀಳೋ ಆ ಕೆಂಪು ಅಂಚಿಗೆ ಮೂರು ಸಲ ಕೈ ಹಾಕಿ ಮೂರು ಸಲನೂ ಒರೆಸಿದೀನಿ. ಭಾನುವಾರ ಬೆಳಗ್ಗೆ ಬಂದು ಕಿಟಕಿ ಹತ್ರ ಕೂರಿ, ಕನ್ನಡಕ ಮರೀಬೇಡಿ, ಅಲುಗಾಡ್ಬೇಡಿ.