ಕಲ್ಚರ್ ಉಳಿಸಲು ಪ್ಯಾರಾಫಿನ್ ಎಣ್ಣೆ ಸಾಕು

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಕರೆಂಟ್ ಕೈಕೊಟ್ಟು ಕಾಲೇಜೊಂದರ ಡೀಪ್ ಫ್ರೀಜರ್ ನಿಂತುಹೋಯಿತು. ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ತೋಟ ತೋಟ ಸುತ್ತಿ, ಕೊಳೆ ಬಂದ ಅಡಿಕೆಯಿಂದ ಬೇರ್ಪಡಿಸಿ, ಟ್ಯೂಬಿನಲ್ಲಿ ಬೆಳೆಸಿ ಇಟ್ಟಿದ್ದ ಫೈಟಾಫ್ತೊರಾ (ಕೊಳೆರೋಗ ತರುವ, ಶಿಲೀಂಧ್ರದಂಥ ಜೀವಿ) ಕಲ್ಚರ್‌ಗಳೆಲ್ಲ ಸತ್ತವು. ಕೇಳಿ ಹೊಟ್ಟೆ ಉರಿಯಿತು. ಸಸ್ಯರೋಗ ವಿಭಾಗದ ಲ್ಯಾಬ್‌ನಲ್ಲಿ ಸಹಾಯಕಿಯಾಗಿದ್ದು ನಿವೃತ್ತಳಾದವಳು ನಾನು. ಅವನ್ನು ಉಳಿಸಲು ಫ್ರೀಜರೇ ಬೇಕಿರಲಿಲ್ಲ. ಬಣ್ಣ, ವಾಸನೆ ಎರಡೂ ಇಲ್ಲದ ಲಿಕ್ವಿಡ್ ಪ್ಯಾರಾಫಿನ್, ಅಂದರೆ ಮಿನರಲ್ ಆಯಿಲ್, ಕಲ್ಚರ್ ಮೇಲೆ ಸುರಿದಿಟ್ಟಿದ್ದರೆ ಸಾಕಿತ್ತು.

ಇದೇನು ಹೊಸ ಉಪಾಯ ಅಲ್ಲ. ಸಿನಿಮಾದಿಂದ ಹೆಸರಾದ ಲೂಮಿಯೇರ್ ಸಹೋದರರಲ್ಲಿ ಒಬ್ಬರಾದ ಅಗಸ್ಟ್ ಲೂಮಿಯೇರ್, ಶೆವ್ರೊಟಿಯೆ ಎಂಬವರ ಜೊತೆ ಸೇರಿ 1914ರಲ್ಲೇ ಗೊನೊರಿಯಾ ಬ್ಯಾಕ್ಟೀರಿಯಾವನ್ನು ಹೀಗೆ ಎಣ್ಣೆಯಡಿ ಬದುಕಿಸಿಟ್ಟಿದ್ದರು. 1947ರಲ್ಲಿ ಬ್ಯುಯೆಲ್ ಮತ್ತು ವೆಸ್ಟನ್ ಎಂಬ ವಿಜ್ಞಾನಿಗಳು ಶಿಲೀಂಧ್ರಗಳಿಗೆ ಈ ವಿಧಾನವನ್ನು ವಿವರವಾಗಿ ಬರೆದರು. ಎಣ್ಣೆ ನೀರು ಆರಲು ಬಿಡುವುದಿಲ್ಲ, ಆಮ್ಲಜನಕವನ್ನೂ ಜಾಸ್ತಿ ಒಳಗೆ ಬಿಡುವುದಿಲ್ಲ. ಹಾಗಾಗಿ ಬೆಳವಣಿಗೆ ನಿಧಾನವಾಗುತ್ತದೆ, ಜೀವ ಮಾತ್ರ ಉಳಿಯುತ್ತದೆ. ಒಣಗಿಸಿ ಇಟ್ಟರೆ ಬದುಕದ ಫೈಟಾಫ್ತೊರಾ, ಅದರ ಬಳಗದ ಪಿಥಿಯಂ, ಕೆಲವು ಅಣಬೆಗಳಿಗೆ ಇದು ಹೇಳಿಮಾಡಿಸಿದ್ದು. ಇನ್ನೊಂದು ಲಾಭವೂ ಇದೆ. ಟ್ಯೂಬಿನಿಂದ ಟ್ಯೂಬಿಗೆ ಹರಿದು ಎಲ್ಲವನ್ನೂ ಕೆಡಿಸುವ ನುಸಿಗಳು ಎಣ್ಣೆ ದಾಟಿ ಕಲ್ಚರ್ ಮುಟ್ಟಲಾರವು.

ಮಾಡುವುದು ಕಷ್ಟವಲ್ಲ, ಆದರೆ ಕೈ ಶುದ್ಧ ಇರಬೇಕು. ಔಷಧಿ ದರ್ಜೆಯ ಎಣ್ಣೆ ತೆಗೆದುಕೊಳ್ಳಿ. ಒತ್ತಡದ ಹಬೆಯಲ್ಲಿ ಜೀವಾಣು ಕೊಲ್ಲುವ ಆಟೋಕ್ಲೇವ್‌ನಿಂದ ಹೊರಗೆ ಬಂದಾಗ ಅದು ನೀರು ಸೇರಿ ಮಬ್ಬಾಗಿರುತ್ತದೆ. ಸುಮ್ನೆ ಹಾಗೇ ಸುರಿಯಬಾರದು, ತಿಳಿಯಾಗುವವರೆಗೆ ಓವನ್‌ನಲ್ಲಿ ಕಾಯಿಸಬೇಕು. ಸ್ಲ್ಯಾಂಟ್, ಅಂದರೆ ಟ್ಯೂಬಿನಲ್ಲಿ ಓರೆಯಾಗಿ ಗಟ್ಟಿಯಾದ ಅಗಾರ್ (ಕಲ್ಚರ್ ಬೆಳೆಸುವ ಲೋಳೆ), ಗಿಡ್ಡದಿರಲಿ. ಚೆನ್ನಾಗಿ ಬೆಳೆದ ಮೇಲೆ ಅಗಾರ್‌ನ ತುದಿಗಿಂತ ಒಂದು ಸೆಂ.ಮೀ. ಮೇಲೆ ನಿಲ್ಲುವಷ್ಟು ಎಣ್ಣೆ ಹಾಕಿ. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಅಗಾರ್‌ನ ತುದಿ ಚೂರೇ ಚೂರು ಹೊರಗೆ ಇಣುಕಿದರೂ ಸಾಕು, ದೀಪದ ಬತ್ತಿಯ ಹಾಗೆ ಅದು ಒಳಗಿನ ತೇವವನ್ನೆಲ್ಲ ಎಳೆದು ಆರಿಸಿಬಿಡುತ್ತದೆ. ಆಮೇಲೆ ಟ್ಯೂಬನ್ನು ನೆಟ್ಟಗೆ, ತಂಪಾದ ಕಪಾಟಿನಲ್ಲಿ ನಿಲ್ಲಿಸಿದರಾಯಿತು. ಹೀಗಿಟ್ಟ ಎಷ್ಟೋ ಶಿಲೀಂಧ್ರಗಳು ವರ್ಷಗಟ್ಟಲೆ ಬದುಕುತ್ತವೆ.

ಕೊರತೆ ಇಲ್ಲವೆಂದಲ್ಲ. ಎಣ್ಣೆಯಡಿಯೂ ನಿಧಾನವಾಗಿ ಬೆಳೆಯುತ್ತಲೇ ಇರುವುದರಿಂದ ತಳಿಯ ಗುಣ ಬದಲಾಗಬಹುದು. ಹೊರಗೆ ತೆಗೆದ ಮೊದಲ ಸಲ ಬೆಳವಣಿಗೆ ಜಿಡ್ಡಾಗಿ ಸೊರಗಿರುತ್ತದೆ, ಇನ್ನೊಮ್ಮೆ ಹೊಸ ಅಗಾರ್‌ಗೆ ದಾಟಿಸಬೇಕು. ಕಲ್ಚರ್ ಎತ್ತುವ ತಂತಿಯ ಲೂಪಿಗೆ ಎಣ್ಣೆ ಅಂಟಿರುವಾಗ ಅದನ್ನು ನೇರವಾಗಿ ಬರ್ನರ್‌ಗೆ ಹಿಡಿದರೆ ಜೀವಾಣು ಸಮೇತ ಸಿಡಿಯುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಬೇಕು.

ಈ ಎಣ್ಣೆ ನಮ್ಮ ವಿಭಾಗಕ್ಕಷ್ಟೇ ಸೇರಿದ್ದಲ್ಲ. ಡಿಎನ್ಎ ನಕಲು ಮಾಡುವ, ಬಿಸಿ ಮುಚ್ಚಳದ ಪಿಸಿಆರ್ ಯಂತ್ರ ಬರುವ ಮೊದಲು ಪ್ರತಿ ಟ್ಯೂಬಿಗೂ ಒಂದು ಹನಿ ಲೈಟ್ ಮಿನರಲ್ ಆಯಿಲ್ ಹಾಕುತ್ತಿದ್ದರು, ಇಲ್ಲದಿದ್ದರೆ 95 ಡಿಗ್ರಿ ಬಿಸಿಗೆ ದ್ರಾವಣ ಆವಿಯಾಗಿ ಮುಚ್ಚಳಕ್ಕೆ ಅಂಟುತ್ತಿತ್ತು. ಐವಿಎಫ್ ಲ್ಯಾಬ್‌ಗಳಲ್ಲಿ ಭ್ರೂಣ ಬೆಳೆಯುವ ಪುಟ್ಟ ಹನಿಗಳ ಮೇಲೆ ಇವತ್ತಿಗೂ ಇಂಥ ಎಣ್ಣೆಯೇ. ಆದರೆ ಅಲ್ಲಿ ಮೆಡಿಕಲ್ ಶಾಪಿನ ಬಾಟಲಿ ನಡೆಯುವುದಿಲ್ಲ. ಬೆಳಕು, ಬಿಸಿ ತಾಗಿದ ಎಣ್ಣೆಯಲ್ಲಿ ಹುಟ್ಟುವ ಪೆರಾಕ್ಸೈಡ್ ಭ್ರೂಣಕ್ಕೆ ವಿಷ. ಅದಕ್ಕೇ ಪ್ರತಿ ಬ್ಯಾಚನ್ನೂ ಇಲಿಯ ಭ್ರೂಣದ ಮೇಲೆ ಪರೀಕ್ಷಿಸಿಯೇ ಕೊಡುತ್ತಾರೆ.

ಒಂದು ವರ್ಷ ಸಂಗ್ರಹಿಸಿದ ಕೊಳೆರೋಗಾಣು ಸತ್ತುಹೋದರೆ ಅದನ್ನು ಮತ್ತೆ ತರಲು ಆಗುವುದಿಲ್ಲ, ಅಲ್ವಾ? 1910ರಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಬರೆದರು. ರೈತರು ಇವತ್ತಿಗೂ ಬೋರ್ಡೋ ದ್ರಾವಣ ಹೊಡೆಯುತ್ತಲೇ ಇದ್ದಾರೆ. ರೋಗಾಣು ಬದಲಾಗಿದೆಯೋ, ಹೊಸ ಔಷಧಿಗೆ ಬಗ್ಗುತ್ತದೋ ಎಂದು ನೋಡಲು ಹಳೆಯ ತಳಿ ಜೀವಂತವಾಗಿ ಕೈಯಲ್ಲಿರಬೇಕು.

ಆದ್ದರಿಂದ ನಮ್ಮ ಕೃಷಿ ವಿಶ್ವವಿದ್ಯಾಲಯಗಳನ್ನೂ ಕಾಲೇಜುಗಳನ್ನೂ ಕೇಳಿಕೊಳ್ಳುತ್ತೇನೆ. ಸಂಶೋಧನೆ ಮುಗಿಸಿ ಹೊರಡುವ ಪ್ರತಿಯೊಬ್ಬರೂ ತಮ್ಮ ಕಲ್ಚರ್‌ಗಳ ಒಂದು ಜೊತೆಯನ್ನು ಎಣ್ಣೆಯಡಿ, ಊರು, ತೋಟ, ತಾರೀಕು ಬರೆದ ಚೀಟಿಯೊಂದಿಗೆ ವಿಭಾಗದಲ್ಲಿ ಬಿಟ್ಟುಹೋಗುವಂತೆ ನಿಯಮ ಮಾಡಿ. ಮುಖ್ಯವಾದವನ್ನು ಸೂಕ್ಷ್ಮಜೀವಿಗಳನ್ನು ಕಾಪಿಡುವ ಚಂಡೀಗಢದ ಎಂಟಿಸಿಸಿ ಸಂಗ್ರಹಕ್ಕೂ ಕಳಿಸಿಕೊಡಿ.

— ನಿವೃತ್ತ ಪ್ರಯೋಗಾಲಯ ಸಹಾಯಕಿ, ತೀರ್ಥಹಳ್ಳಿ