ಗೋಡೆಯಲ್ಲೊಂದು ಹಾಲಿನ ಬಾಗಿಲು

ಪ್ರಿಯ ಗೋಪಾಲ,

ಮೊನ್ನೆ ನೀನು ಕಳಿಸಿದ ಫೋಟೋಗಳನ್ನು ನೋಡಿದೆ. ದೋಣಿಯಷ್ಟುದ್ದದ ಕಾರು, ಹೂವಿನ ಫ್ರಾಕು ತೊಟ್ಟು ಫ್ರಿಜ್ಜಿನ ಮುಂದೆ ನಗುವ ಹೆಂಗಸು. ಕೆಳಗೆ ನಿನ್ನ ಮಾತು: "ಆಗಿನ ಅಮೆರಿಕ ಎಷ್ಟು ಚೆಂದ ಇತ್ತಲ್ವಾ ಮಾರಾಯ?" ಇದಕ್ಕೆ ಫೋನಿನಲ್ಲಿ ಎರಡು ಸಾಲು ಕುಟ್ಟಿ ಕಳಿಸಲು ಆಗಲಿಲ್ಲ. ಅದಕ್ಕೇ ಪತ್ರ.

ನಾವಿರುವುದು ಡೆಟ್ರಾಯ್ಟ್ ಊರಿನ ಗಡಿಯಾದ ಎಯ್ಟ್ ಮೈಲ್ ರೋಡಿನಿಂದ ಸ್ವಲ್ಪ ಉತ್ತರಕ್ಕೆ. ಮನೆ ಕಟ್ಟಿದ್ದು 1927ರಲ್ಲಿ. ಅಡುಗೆಮನೆ ಪಕ್ಕದ ಗೋಡೆಯಲ್ಲಿ, ಸೊಂಟದ ಎತ್ತರಕ್ಕೆ, ಒಂದು ಪುಟ್ಟ ಬಾಗಿಲಿದೆ. ಹಳೇ ಮೀಟರ್ ಪೆಟ್ಟಿಗೆ ಇರಬೇಕು ಅಂತ ನಾನು ಸುಮ್ನೆ ಬಿಟ್ಟಿದ್ದೆ. ಪಕ್ಕದ ಮನೆ ಅಜ್ಜಿ ಕೇಳಿ ನಕ್ಕುಬಿಟ್ಟರು. ಅದು ಹಾಲಿನ ಬಾಗಿಲಂತೆ! ಹೊರಗಡೆಗೊಂದು, ಒಳಗಡೆಗೊಂದು, ಮಧ್ಯೆ ಗೋಡೆಯ ದಪ್ಪದಷ್ಟು ಜಾಗ. ಬೆಳಗಿನ ಜಾವ ಹಾಲಿನವನು ಹೊರಗಿನದನ್ನು ತೆಗೆದು ತುಂಬಿದ ಗಾಜಿನ ಬಾಟಲಿ ಇಡುವುದು, ಖಾಲಿ ಬಾಟಲಿ ಒಯ್ಯುವುದು. ಬೆಣ್ಣೆಯೋ ಮೊಟ್ಟೆಯೋ ಬೇಕಿದ್ದರೆ ಖಾಲಿ ಬಾಟಲಿಯ ಬಾಯಿಗೆ ಚೀಟಿ ಸಿಕ್ಕಿಸಿಟ್ಟರೆ ಆಯಿತು. ದುಡ್ಡು ಆಮೇಲೆ. ನಮ್ಮ ಕಡೆಯ ವರ್ತನೆ ಹಾಲಿನ ಹಾಗೇ ನೋಡು.

ಚಳಿಗಾಲದಲ್ಲಿ ಬಾಟಲಿಯನ್ನು ಮೆಟ್ಟಿಲ ಮೇಲೆ ಇಟ್ಟುಹೋದರೆ ಹಾಲು ಹೆಪ್ಪುಗಟ್ಟಿ, ಮೇಲಿನ ಕೆನೆ ಕಾಗದದ ಮುಚ್ಚಳವನ್ನೂ ಎತ್ತಿಕೊಂಡು ಬಾಟಲಿಯಿಂದ ಒಂದಂಗುಲ ಹೊರಗೆ ನಿಲ್ಲುತ್ತಿತ್ತಂತೆ, ಟೋಪಿ ಹಾಕಿಕೊಂಡ ಹಾಗೆ. ಅಜ್ಜಿಗೆ ಆರೇಳು ವರ್ಷ ಇದ್ದಾಗ ಒಮ್ಮೆ ಅವರ ಅಮ್ಮ ಕೀಲಿಯನ್ನು ಒಳಗೇ ಮರೆತು ಬಾಗಿಲು ಹಾಕಿದರು. ಮಗಳನ್ನು ಹಾಲಿನ ಬಾಗಿಲೊಳಗೆ ತೂರಿಸಿದರು. ತಲೆ, ಭುಜ ಹೋಯಿತು, ಸೊಂಟ ಸಿಕ್ಕಿಹಾಕಿಕೊಂಡಿತು. ಈಗ 86ರ ಅಜ್ಜಿ ನಮ್ಮ ಅಡುಗೆಮನೆಯಲ್ಲಿ ನಿಂತು ಕಾಲು ಬಡಿದು ತೋರಿಸಿದರು.

1963ರಲ್ಲೂ ಈ ದೇಶದಲ್ಲಿ ನೂರಕ್ಕೆ ಸುಮಾರು 30ರಷ್ಟು ಹಾಲು ಮನೆಬಾಗಿಲಿಗೇ ಬರುತ್ತಿತ್ತು. 1975ರ ಹೊತ್ತಿಗೆ ಅದು 7ಕ್ಕೆ ಇಳಿಯಿತು. ದೊಡ್ಡ ಫ್ರಿಜ್, ಮನೆಗೊಂದು ಕಾರು, ಸೂಪರ್‌ಮಾರ್ಕೆಟ್ಟು, ಕಾಗದದ ಡಬ್ಬಿ. ನಿನ್ನ ಫೋಟೋದಲ್ಲಿ ನಗುತ್ತಿರುವುದು ಆ ಫ್ರಿಜ್ಜೇ.

ಇನ್ನೊಂದು ದಿನ ಅಜ್ಜಿ ಡ್ರಾಯರಿನಿಂದ ಎರಡೂವರೆ ಪುಸ್ತಕ ತೆಗೆದು ತೋರಿಸಿದರು. ಎಸ್ ಅಂಡ್ ಎಚ್ ಕಂಪನಿಯ ಗ್ರೀನ್ ಸ್ಟ್ಯಾಂಪ್. ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ 10 ಸೆಂಟಿನ ವ್ಯಾಪಾರಕ್ಕೆ ಒಂದು ಹಸಿರು ಸ್ಟ್ಯಾಂಪ್ ಕೊಡುತ್ತಿದ್ದರು. ಒಂದು ಪುಸ್ತಕಕ್ಕೆ 1,200 ಸ್ಟ್ಯಾಂಪ್. ಅಂದರೆ ಅದು ತುಂಬಲು 120 ಡಾಲರಿನ ಸಾಮಾನು ಕೊಳ್ಳಬೇಕು! ತುಂಬಿದ ಪುಸ್ತಕಗಳನ್ನು ಒಯ್ದುಕೊಟ್ಟರೆ ದೀಪವೋ ಟೋಸ್ಟರೋ ಸಿಗುತ್ತಿತ್ತು. 60ರ ದಶಕದಲ್ಲಿ ಸರಕಾರದ ಅಂಚೆ ಇಲಾಖೆಗಿಂತ ಮೂರು ಪಟ್ಟು ಸ್ಟ್ಯಾಂಪ್ ನಾವು ಅಚ್ಚು ಹಾಕುತ್ತೇವೆ ಅಂತ ಕಂಪನಿ ಹೇಳಿಕೊಳ್ಳುತ್ತಿತ್ತು. ಅಂಗಡಿಯವನು ಅದನ್ನು ದುಡ್ಡು ಕೊಟ್ಟೇ ತರುತ್ತಿದ್ದ, ಆ ದುಡ್ಡನ್ನು ಬ್ರೆಡ್ಡು ಬೆಣ್ಣೆಯ ರೇಟಿನಲ್ಲೇ ಸೇರಿಸುತ್ತಿದ್ದ. ಬಿಟ್ಟಿ ಯಾವುದೂ ಅಲ್ಲ. ಅಜ್ಜಿಯ ಅಮ್ಮ ಸಾಸರಿನಲ್ಲಿ ಒದ್ದೆ ಸ್ಪಂಜು ಇಟ್ಟುಕೊಡುತ್ತಿದ್ದರೂ ಮಕ್ಕಳು ನಾಲಿಗೆಯಲ್ಲೇ ನೆಕ್ಕಿ ಅಂಟಿಸುವುದು. ಹೊಲಿಗೆ ಯಂತ್ರ ತರಬೇಕು ಅಂತ ಕೂಡಿಟ್ಟಿದ್ದರಂತೆ. ಬಂದದ್ದು ಒಂದು ಮೇಜಿನ ದೀಪ.

ಫೋನಿನ ಕತೆ ಇನ್ನೂ ಮಜ. ಅಜ್ಜಿಯ ತಾತನ ಹಳ್ಳಿಯಲ್ಲಿ ಏಳೆಂಟು ಮನೆಗೆ ಒಂದೇ ಲೈನು. ಒಬ್ಬೊಬ್ಬರಿಗೆ ಒಂದೊಂದು ಥರ ಗಂಟೆ: ಎರಡು ಉದ್ದ ಒಂದು ಗಿಡ್ಡ ಬಾರಿಸಿದರೆ ತಾತನ ಮನೆಗೆ. ಯಾರಿಗೆ ಬಂದರೂ ಎಲ್ಲರೂ ಮೆಲ್ಲಗೆ ಎತ್ತಿ ಕೇಳುವವರೇ. ಜಾಸ್ತಿ ಜನ ಎತ್ತಿದಷ್ಟೂ ದನಿ ಕುಗ್ಗುತ್ತಿತ್ತು. ಆಗ ತಾತ, "ಎಲ್ಲರೂ ಸ್ವಲ್ಪ ಇಡ್ರಪ್ಪ, ನನ್ನ ಮಗನ ಮಾತು ಕೇಳ್ತಿಲ್ಲ" ಅಂತ ಕೂಗುತ್ತಿದ್ದರಂತೆ.

ಇಷ್ಟಾದ ಮೇಲೆ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೋದ ತಿಂಗಳು ಮನೆಯ ಹಳೇ ಕ್ರಯಪತ್ರ ತೆಗೆಸಿದೆ. ಗೋಡೆ ರಸ್ತೆಯಿಂದ ಎಷ್ಟಡಿ ಒಳಗಿರಬೇಕು, ಕೋಳಿ ಸಾಕಬಾರದು ಅಂತೆಲ್ಲಾ ಕರಾರು. ಅವುಗಳ ನಡುವೆ ಇನ್ನೊಂದು: ಬಿಳಿಯರಲ್ಲದವರು ಈ ಜಾಗದಲ್ಲಿ ವಾಸ ಮಾಡಕೂಡದು, ಮನೆಗೆಲಸದವರು ಮಾತ್ರ ಇರಬಹುದು. ಕೋಳಿಯ ಮರುಸಾಲಿನಲ್ಲೇ ಕಣೋ. ಇಂಥ ಕರಾರನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದು ಅಂತ ಇಡೀ ದೇಶಕ್ಕೆ ಕಾನೂನು ಬಂದದ್ದು 1968ರಲ್ಲಿ. ನಮ್ಮಲ್ಲಿಂದ ಕಾರಿನಲ್ಲಿ ಸ್ವಲ್ಪವೇ ದೂರ, 1941ರಲ್ಲಿ ಕಟ್ಟಿದ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಗೋಡೆ ಈಗಲೂ ಇದೆ. ಕಪ್ಪು ಜನರ ಕೇರಿ ಪಕ್ಕದಲ್ಲೇ ಇದ್ದದ್ದರಿಂದ ಬಿಳಿಯರ ಹೊಸ ಬಡಾವಣೆಯ ಮನೆ ಸಾಲಗಳಿಗೆ ಸರಕಾರದ ಭದ್ರತೆ ಸಿಗಲಿಲ್ಲ. ಬಿಲ್ಡರ್ ನಡುವೆ ಗೋಡೆ ಎಬ್ಬಿಸಿದ, ಭದ್ರತೆ ಸಿಕ್ಕಿತು. ಈಗ ಒಂದಷ್ಟು ಭಾಗಕ್ಕೆ ಬಣ್ಣದ ಚಿತ್ರ ಬರೆದಿದ್ದಾರೆ.

ಇನ್ನು ನಮ್ಮಂಥವರ ವಿಷಯ. 1946ರ ಕಾನೂನಿನಲ್ಲಿ, ಇಲ್ಲಿಗೆ ಬಂದು ನೆಲೆಸಲು ಇಡೀ ಭಾರತಕ್ಕೆ ಇದ್ದ ಪಾಲು ವರ್ಷಕ್ಕೆ 100 ಜನ. 1965ರಲ್ಲಿ ಕಾನೂನು ಬದಲಾಗದಿದ್ದರೆ ನಾನು ಈ ಪತ್ರವನ್ನು ನಮ್ಮೂರು ಸಾಗರದಿಂದಲೇ ಬರೆಯುತ್ತಿದ್ದೆ. ಅಲ್ಲ, ಬರೆಯುವ ಅಗತ್ಯವೇ ಇರಲಿಲ್ಲ, ಸೈಕಲ್ ಹತ್ತಿ ನಿನ್ನ ಮನೆಗೆ ಬರುತ್ತಿದ್ದೆ.

ಆ ಕ್ರಯಪತ್ರವನ್ನು ಅಜ್ಜಿಗೆ ತೋರಿಸಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಕೊನೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ನಮ್ಮಪ್ಪನ ಪತ್ರದಲ್ಲೂ ಇದೇ ಇತ್ತು. ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ," ಅಂದರು. ಮಡಚಿ ವಾಪಸ್ ಕೊಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಲಿನ ಬಾಗಿಲು ತೆಗೆದೆಯಾ ಅಂತ ಕೇಳಿದರು.

ಶನಿವಾರ ತೆಗೆದೆ. ಬಣ್ಣ ಬಳಿದು ಬಳಿದು ಹೊರಗಿನದು ಅಂಟಿಹೋಗಿತ್ತು, ಹಳೇ ಚಾಕು ತೂರಿಸಿ ಎಬ್ಬಿಸಬೇಕಾಯಿತು. ಒಳಗೆ ಎರಡು ಸತ್ತ ಕಣಜ, ಒಂದು ಕಾಗದದ ಮುಚ್ಚಳ. ಪಾರ್ಸೆಲ್ ಇಲ್ಲಿಡಿ ಅಂತ ಈಗ ಅದರ ಮೇಲೆ ಚೀಟಿ ಅಂಟಿಸಿದ್ದೇನೆ. ತರುವ ಹುಡುಗ ಓದುವುದೇ ಇಲ್ಲ, ಮೆಟ್ಟಿಲ ಮೇಲೆ ಎಸೆದು ಓಡುತ್ತಾನೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಶ್ರೀಧರ